ಈರುಳ್ಳಿ ಇಲ್ಲದ ಅಡುಗೆಮನೆ

ಮೊನ್ನೆ ಗುಬ್ಬಿ ಸಂತೆಯಿಂದ ತಂದ ಕೊತ್ತಂಬರಿ ಕಟ್ಟು ಬಿಡಿಸುತ್ತ ಕೂತಿದ್ದೆ. ಬೇರಿಗೆ ಹಸಿ ಮಣ್ಣು ಅಂಟಿಕೊಂಡಿತ್ತು. ಒಂದು ದಂಟು ಮುರಿದೆ, ಅದರ ವಾಸನೆ ಬೆರಳಿಗೆ ಹತ್ತಿತು. ಎಲೆಯ ವಾಸನೆಯಲ್ಲ, ದಂಟಿನದು... ಅರ್ಧ ಒಗರು, ಅರ್ಧ ನೀರು. ಅಷ್ಟಕ್ಕೇ ನನ್ನ ಕೈ ನಿಂತುಹೋಯಿತು. ಕಿಟಕಿಯಾಚೆ ಗುಬ್ಬಿಯ ಬಿಸಿಲು ಇದ್ದ ಹಾಗೇ ಇತ್ತು. ನಾನು ಮಾತ್ರ ತುಮಕೂರಿನ ಶೆಟ್ಟಿಹಳ್ಳಿಯ ಒಂದು ಹಿತ್ತಲಿನಲ್ಲಿದ್ದೆ. ಎದುರಿಗೆ ಖಾಲಾ ಕಲ್ಲಿನ ಮೇಲೆ ಕೂತಿದ್ದರು. ತಲೆ ಮೇಲಿನ ಸೆರಗು ಜಾರುತ್ತಿತ್ತು, ಮಡಿಲ ತುಂಬ ಸೊಪ್ಪು.

ಉರ್ದು ಮಾತಾಡುವ ಮನೆಗಳಲ್ಲಿ ತಾಯಿಯ ಅಕ್ಕ ತಂಗಿಯರನ್ನು ಖಾಲಾ ಅನ್ನುತ್ತಾರೆ. ನನಗೆ ಅವರು ಮನೆ ಓನರ್ ಅಷ್ಟೇ. ಆದರೆ ನಮ್ಮ ರಸ್ತೆಯ ಮಕ್ಕಳೆಲ್ಲ ಯಾವ ಜಾತಿ ಯಾವ ಮತ ಅಂತಿಲ್ಲದೆ ಹಾಗೇ ಕರೆಯುತ್ತಿದ್ದವು, ನನಗೂ ಅದೇ ಬಾಯಿಗೆ ಬಂತು. ಅವರ ಯಜಮಾನರನ್ನು ಎಲ್ಲರೂ ಸಾಹೇಬರು ಅನ್ನುತ್ತಿದ್ದರು. ಮಂಡಿಪೇಟೆಯಲ್ಲಿ ಅವರದೊಂದು ಚಿಕ್ಕ ಅಂಗಡಿಯಿತ್ತು. ಗುಂಡಿ, ದಾರ, ಲೈನಿಂಗ್ ಬಟ್ಟೆ, ಸೀರೆಗೆ ಹಚ್ಚುವ ಫಾಲ್ಸು, ಹೀಗೆ ಟೈಲರುಗಳಿಗೆ ಬೇಕಾದ ಸಾಮಾನು.

ಆಗ ನನಗೆ ಇನ್ನೂ ಮದುವೆಯಾಗಿರಲಿಲ್ಲ. ಕುಣಿಗಲ್ ತಾಲ್ಲೂಕಿನ ಅಮೃತೂರು ನಮ್ಮೂರು. ತುಮಕೂರಿನ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕಿ, ಬಾಡಿಗೆ ಮನೆ ಹುಡುಕುತ್ತ ಓಡಾಡುತ್ತಿದ್ದೆ. ಒಂಟಿ ಹೆಣ್ಣು ಅಂದರೇ ಮುಖ ಗಂಟಿಕ್ಕುವವರು, ಜೊತೆಗೊಂದು ನಾಯಿಯೂ ಇದೆ ಅಂದರೆ ಬಾಗಿಲೇ ಹಾಕಿಬಿಡುತ್ತಿದ್ದರು. ನಾಯಿಯ ಹೆಸರು ಕೆಂಚ. ನಮ್ಮ ತೋಟದಲ್ಲಿ ತೆಂಗಿನ ಮಟ್ಟೆ ರಾಶಿಯ ಕೆಳಗೆ ಸಿಕ್ಕಿದ್ದ ಮರಿ. ನಾನು ಊರು ಬಿಟ್ಟ ಮೇಲೆ ಅದು ಊಟ ಬಿಟ್ಟಿತೆಂದು ಅಪ್ಪನೇ ಆಟೋದಲ್ಲಿ ಹಾಕಿಕೊಂಡು ಬಂದು ನನ್ನ ಹತ್ತಿರ ಬಿಟ್ಟುಹೋಗಿದ್ದರು.

ಸಾಹೇಬರು ಗೇಟಿನ ಹತ್ತಿರ ನಿಂತು ಕೆಂಚನನ್ನು ಬಹಳ ಹೊತ್ತು ನೋಡಿದರು. ಕೆಳಗಿನ ಮನೆಯಲ್ಲಿ ನಮಾಜ್ ನಡೆಯುತ್ತದೆ, ನಾಯಿ ಹೊಸ್ತಿಲು ದಾಟಬಾರದು, ಹೊರಗಿನ ಮೆಟ್ಟಿಲು ಹತ್ತಿ ನೀವಿಬ್ಬರೂ ಮೇಲಕ್ಕೆ ಹೋಗಿಬಿಡಬೇಕು, ಅದಕ್ಕೆ ಒಪ್ಪಿಗೆಯಿದ್ದರೆ ಬನ್ನಿ ಅಂದರು. ನಾನು ಒಪ್ಪಿದೆ. ಅಷ್ಟರಲ್ಲಿ ಅವರ ಹಿಂದಿನಿಂದ ಖಾಲಾ ಬಂದು ನಾಯಿಗೆ ಊಟಕ್ಕೆ ಏನು ಹಾಕುತ್ತೀಯ ಅಂತ ಕೇಳಿದರು. ಮುದ್ದೆ, ಸಾರು, ನಾವು ತಿನ್ನುವುದೇ ಅಂದೆ. ಸಾರಿಗೆ ಈರುಳ್ಳಿ ಹಾಕುತ್ತೀರಲ್ಲ ಅಂದರು. ಹೋಳು ತೆಗೆದು ಹಾಕುತ್ತೇನೆ ಅಂದೆ.

"ಹೋಳು ತೆಗೆದ್ರೂ ರಸ ಇಳ್ದಿರುತ್ತೆ ಬೇಟಿ. ನಾಯಿಗೆ ಈರುಳ್ಳಿ, ಬೆಳ್ಳುಳ್ಳಿ ಆಗಲ್ಲ. ಒಗ್ಗರಣೆಗೆ ಮುಂಚೆ ಅದರ ಪಾಲು ತೆಗ್ದಿಟ್ಬುಡು."

ಅಷ್ಟು ಹೇಳಿ ಒಳಗೆ ಹೋದವರು ಒಂದು ಸೌತೆಕಾಯಿ ತುಂಡು ತಂದರು. ಕೆಂಚ ಅದನ್ನು ಕರಕರ ಅಗಿದು ತಿಂದಿತು. ನಮ್ಮೂರಿನ ನಾಯಿ ತರಕಾರಿ ತಿಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ಮನೆಯ ಹಿತ್ತಲು ನೆನೆದರೆ ಅದು ನಿಜವಾಗಿ ಇತ್ತೋ, ನಾನು ಕನಸಿನಲ್ಲಿ ಕಂಡದ್ದೋ ಅನ್ನಿಸುತ್ತದೆ. ನುಗ್ಗೆ ಮರದ ನೆರಳು ನೆಲದ ಮೇಲೆ ಅಲ್ಲಾಡುತ್ತಿತ್ತು. ಜಾಲರಿಯ ಗೂಡಿನಲ್ಲಿ ಲವ್ ಬರ್ಡ್ಸ್ ಸದಾ ಏನೋ ಗುಸುಗುಸು ಮಾತಾಡುತ್ತಿದ್ದವು. ಕೆಳಗೆ ಮೊಲಗಳು, ಒಂದು ಬಿಳಿ, ಒಂದು ಬೂದಿ ಬಣ್ಣ. ನೀರಿನ ತೊಟ್ಟಿಯ ಅಂಚಿನ ಮೇಲೆ ಯಾವಾಗಲೂ ಅರೆಗಣ್ಣು ಮುಚ್ಚಿ ಮಲಗಿದ ಬೆಕ್ಕು. ಬೆಳಗಿನ ಬಿಸಿಲು ಗೋಡೆ ಹತ್ತಿ ಇಳಿದು ಬರುವ ಹೊತ್ತಿಗೆ ಖಾಲಾ ದೊಡ್ಡ ಬೇಸಿನ್ನಿನಲ್ಲಿ ತರಕಾರಿ ತೊಳೆಯುತ್ತ ಕೂತಿರುತ್ತಿದ್ದರು. ಔಷಧಿ ಹೊಡೆದಿರುತ್ತಾರೆ ಅಂತ ನೀರು ಬದಲಾಯಿಸಿ ಬದಲಾಯಿಸಿ ತೊಳೆಯುವರು. ಕೆಂಚ ಅವರಿಂದ ಒಂದಿಷ್ಟು ದೂರದಲ್ಲಿ, ಹೊಸ್ತಿಲಿನ ಮರ್ಯಾದೆ ತನಗೂ ಗೊತ್ತು ಅನ್ನುವ ಹಾಗೆ, ಮುಂಗಾಲು ಚಾಚಿ ಕಾಯುತ್ತಿತ್ತು.

ಮೊಲ ಅಂದರೆ ಕ್ಯಾರೆಟ್ ಅಂತ ನಾನು ತಿಳಿದುಕೊಂಡಿದ್ದೆ. ಖಾಲಾ ಕ್ಯಾರೆಟ್ಟನ್ನು ಮಿಠಾಯಿ ಕೊಡುವ ಹಾಗೆ ಒಂದು ಚೂರು ಮಾತ್ರ ಕೊಡುವರು. ಅದರಲ್ಲಿ ಸಿಹಿ ಜಾಸ್ತಿಯಂತೆ. ಮೊಲಕ್ಕೆ ಹೊಟ್ಟೆ ತುಂಬ ಬೇಕಾದದ್ದು ಹುಲ್ಲು, ಅದರ ಮೇಲೆ ಕೊತ್ತಂಬರಿ ದಂಟು, ಪುದೀನ, ಮೂಲಂಗಿ ಸೊಪ್ಪು. ಪಾಲಕ್ ಎಂದಾದರೊಂದು ದಿನ. ಅದೇ ಕೊತ್ತಂಬರಿಯ ಎಳೆ ಚಿಗುರು ಹಕ್ಕಿಗಳಿಗೆ, ಜೊತೆಗೆ ಸಣ್ಣಗೆ ಹೆಚ್ಚಿದ ದಪ್ಪಮೆಣಸಿನಕಾಯಿ. ಕೆಂಚನಿಗೆ ಕುಂಬಳಕಾಯಿ, ಹುರುಳಿಕಾಯಿ, ಕ್ಯಾರೆಟ್ ಉಪ್ಪಿಲ್ಲದೆ ಬೇಯಿಸಿ, ಅನ್ನ ಮೊಟ್ಟೆ ಜೊತೆ ಕಲಸಿ ಕೊಡುವರು. ಮುಸುಕಿನ ಜೋಳದ ಕಾಳು ಕೊಟ್ಟರೂ ದಿಂಡು ಮಾತ್ರ ನಾಯಿಯ ಬಾಯಿಗೆ ಸಿಗದ ಹಾಗೆ ಎತ್ತಿಡುವರು, ನುಂಗಿದರೆ ಕರುಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ.

ಬೆಕ್ಕಿನ ವಿಷಯದಲ್ಲಿ ಒಮ್ಮೆ ತಮಾಷೆಯಾಯಿತು. ಪಕ್ಕದ ಕ್ರಾಸಿನ ಅಮ್ಮನೊಬ್ಬರು ಮಾಂಸ ಮುಟ್ಟದ ಮನೆಯವರು. ಬೆಕ್ಕು ಸಾಕಿದ್ದರು. ಅದಕ್ಕೆ ಮೊಸರನ್ನ, ಬೇಯಿಸಿದ ತರಕಾರಿ ಮಾತ್ರ ರೂಢಿ ಮಾಡಿಸಬೇಕು, ಹೇಗೆ ಅಂತ ಕೇಳಿಕೊಂಡು ಬಂದರು. ಖಾಲಾ ಅವರಿಗೆ ಟೀ ಕೊಟ್ಟು ಕೂರಿಸಿ, ಮಲ ಗಟ್ಟಿಯಾದಾಗ ಒಂದು ಚಮಚ ಬೇಯಿಸಿದ ಕುಂಬಳಕಾಯಿ ಕೊಟ್ಟರೆ ಒಳ್ಳೆಯದೇ, ಆದರೆ ಬೆಕ್ಕಿಗೆ ಮಾಂಸ ಮೀನು ಇಲ್ಲದಿದ್ದರೆ ಕಣ್ಣು, ಹೃದಯ ಎರಡೂ ಸೋಲುತ್ತವೆ ಅಂತ ಮೆಲ್ಲಗೆ ಹೇಳಿದರು. "ಅದರ ಹೊಟ್ಟೆನೇ ಹಂಗೆ ಮಾಡಿ ಕಳ್ಸವ್ನೆ ಅಲ್ಲಾಹ್, ನಾವೇನ್ ಮಾಡಕ್ಕಾಗುತ್ತಮ್ಮ?" ಆ ಅಮ್ಮ ಟೀ ಕುಡಿದು ಮುಗಿಸಿ, ಹಾಗಾದರೆ ಮೀನನ್ನು ನೀವೇ ಬೇಯಿಸಿ ಡಬ್ಬಿಯಲ್ಲಿ ಕೊಡುವಿರಾ ಅಂತ ಕೇಳಿದರು. ಅಂದಿನಿಂದ ಆ ಬೆಕ್ಕಿನ ಊಟವೂ ಈ ಮನೆಯಿಂದಲೇ ಹೋಗುತ್ತಿತ್ತು.

ಇದೆಲ್ಲ ಅವರಿಗೆ ಹೇಗೆ ಗೊತ್ತು ಅಂತ ಒಂದು ದಿನ ಕೇಳಿದೆ. ಖಾಲಾ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಮಗಳು ಮದುವೆಯಾಗಿ ಗುಬ್ಬಿಗೆ ಹೋದ ವರ್ಷ ಮನೆ ಖಾಲಿ ಖಾಲಿ ಅಂತ ಸಾಹೇಬರು ಒಂದು ಮೊಲದ ಮರಿ ತಂದುಕೊಟ್ಟರಂತೆ. ಖಾಲಾ ಅದಕ್ಕೆ ಎಲೆಕೋಸಿನ ಎಲೆ ತಿನ್ನಿಸಿದರಂತೆ, ತಿಂದಷ್ಟೂ ಖುಷಿಯಾಗಿ ಮತ್ತಷ್ಟು ಕೊಟ್ಟರಂತೆ. ಹೊಟ್ಟೆ ಉಬ್ಬಿ ಮರಿ ಸತ್ತುಹೋಯಿತು. ಪ್ರಾಣಿಗಳ ಆಸ್ಪತ್ರೆಯ ಡಾಕ್ಟರು ಬಿಡಿಸಿ ಹೇಳಿದ ಮೇಲೆಯೇ ಗೊತ್ತಾದದ್ದು. ಅಂದಿನಿಂದ ಯಾವ ಸೊಪ್ಪು, ಯಾವ ಕಾಯಿ ಆದರೂ ಆ ಡಾಕ್ಟರನ್ನು ಕೇಳದೆ ಕೊಟ್ಟವರಲ್ಲ. "ಪ್ರೀತಿ ಇತ್ತು ಬೇಟಿ, ತಿಳುವಳಿಕೆ ಇರ್ಲಿಲ್ಲ," ಅಂದರು. ಆಮೇಲೆ ಹಕ್ಕಿಗಳೇ ಮಾತಾಡುತ್ತಿದ್ದವು.

ಮರೆವು ಯಾವಾಗ ಶುರುವಾಯಿತೆಂದು ಹೇಳಲಾರೆ. ಮಂಜು ಯಾವ ಗಳಿಗೆಯಲ್ಲಿ ತೋಟದೊಳಗೆ ಬಂತು ಅಂತ ಯಾರು ಹೇಳುತ್ತಾರೆ? ಹಾಲು ಒಲೆಯ ಮೇಲಿಟ್ಟು ಮರೆಯುವುದು ಯಾರಿಗಿಲ್ಲ ಅಂತ ನಾವೆಲ್ಲ ನಕ್ಕೆವು. ಆಮೇಲೆ ನನ್ನನ್ನು ಮಗಳ ಹೆಸರಿನಿಂದ ಕರೆದರು, ಅದಕ್ಕೂ ನಕ್ಕೆವು. ಒಂದು ಮಧ್ಯಾಹ್ನ ಸಾಹೇಬರು ಅಂಗಡಿಯಿಂದ ಬರುವಾಗ ಖಾಲಾ ನಮ್ಮ ರಸ್ತೆಯ ತುದಿಯಲ್ಲೇ ಮನೆ ಎಲ್ಲಿ ಅಂತ ತಿಳಿಯದೆ ನಿಂತಿದ್ದರಂತೆ. ಅವತ್ತು ನಗು ನಿಂತಿತು. ಬೆಂಗಳೂರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು. ಇದು ನಿಧಾನವಾಗಿ ಹೆಚ್ಚಾಗುವ ಕಾಯಿಲೆ, ವಾಸಿಯಾಗುವುದಿಲ್ಲ ಅಂತ ಹೇಳಿ ಕಳಿಸಿದರು.

ಹಿತ್ತಲಿಗೆ ಬಂದರೆ ಮಾತ್ರ ಖಾಲಾ ಹಳೆಯ ಖಾಲಾ ಆಗುತ್ತಿದ್ದರು. ವಾರ ಯಾವುದು ಗೊತ್ತಿಲ್ಲದವರಿಗೆ ಯಾವ ದಂಟು ಯಾರಿಗೆ ಅನ್ನುವುದು ಗೊತ್ತಿತ್ತು. ಕೈಗಳೇ ನೆನಪಿಟ್ಟುಕೊಂಡಿದ್ದವೋ ಏನೋ. ಸಾಹೇಬರು ಬಾಗಿಲಲ್ಲಿ ನಿಂತು ನೋಡುತ್ತ, ಇದೊಂದು ಉಳಿದಿದೆಯಲ್ಲ ಅಂತ ಉಸಿರು ಬಿಡುತ್ತಿದ್ದರು.

ಆ ಧೈರ್ಯವೂ ಹೋಯಿತು. ಮಗಳ ಮಗುವಿಗೆ ಹೆಸರಿಡುವ ಕಾರ್ಯಕ್ರಮ ಶೆಟ್ಟಿಹಳ್ಳಿಯ ಮನೆಯಲ್ಲೇ ಇತ್ತು. ಬಿರಿಯಾನಿಗೆಂದು ರಾಶಿ ಈರುಳ್ಳಿ ಹೆಚ್ಚಿ, ಎಣ್ಣೆಯಲ್ಲಿ ಕೆಂಪಗೆ ಕರಿದು, ಉಳಿದದ್ದನ್ನು ಒಂದು ದೊಡ್ಡ ಬೋಗುಣಿಯಲ್ಲಿ ತುಂಬಿಟ್ಟಿದ್ದರು. ಇಡೀ ರಸ್ತೆಗೆ ಘಮ್ಮೆನ್ನುವ ಪರಿಮಳ. ನೆಂಟರೆಲ್ಲ ಹೋದ ಮಾರನೆಯ ದಿನ ಆ ಬೋಗುಣಿ ಹಿತ್ತಲಿನ ನಲ್ಲಿಯ ಪಕ್ಕ, ಚೆನ್ನಾಗಿ ತೊಳೆದು ಬೋರಲು ಹಾಕಿದ್ದು ಕಂಡಿತು. ಯಾರೂ ಅದನ್ನು ಕುರಿತು ಯೋಚಿಸಲಿಲ್ಲ.

ಕೆಂಚ ಮೊದಲು ವಾಂತಿ ಮಾಡಿತು. ಕಾರ್ಯಕ್ರಮದ ಊಟದ ಮೂಳೆ ಎಲ್ಲೋ ತಿಂದಿರಬೇಕು ಅಂದುಕೊಂಡೆ. ಆಮೇಲೆ ಮೆಟ್ಟಿಲು ಹತ್ತಲಾರದೆ ಮಧ್ಯದಲ್ಲೇ ಕೂತುಬಿಟ್ಟಿತು. ತುಟಿ ಎತ್ತಿ ನೋಡಿದರೆ ಒಸಡು ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಮೂತ್ರ ಡಿಕಾಕ್ಷನ್ ಬಣ್ಣ. ಸಾಹೇಬರೇ ಆಟೋ ತಂದರು. ಎಂದೂ ಅದನ್ನು ಮುಟ್ಟದವರು ಅವತ್ತು ಹಳೆಯ ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡರು. ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, ಈರುಳ್ಳಿ ಏನಾದರೂ ಜಾಸ್ತಿ ತಿಂದಿತ್ತಾ ಅಂತ ಕೇಳಿದರು. ರಕ್ತದ ಕಣಗಳು ಒಡೆಯುತ್ತಿವೆ, ಕರಿದ ಈರುಳ್ಳಿಯಾದರೆ ಇನ್ನೂ ಕಷ್ಟ, ಉಳಿಯುತ್ತದೆ ಅಂತ ಈಗಲೇ ಹೇಳಲಾರೆ ಅಂದರು. ಸಾಹೇಬರು ನನ್ನ ಮುಖ ನೋಡಿದರು. ಇಬ್ಬರ ಕಣ್ಣ ಮುಂದೆಯೂ ಅದೇ ಬೋಗುಣಿ.

ಮನೆಗೆ ಬಂದು ಕೇಳಿದಾಗ ಖಾಲಾ ಸಂತೋಷದಿಂದಲೇ ಹೇಳಿದರು. ಕೆಂಚನಿಗೆ ಹಸಿವಾಗಿತ್ತು, ತಾನೇ ಕೊಟ್ಟೆ, ಪೂರ್ತಿ ತಿಂದಿತು ಅಂತ. ಬಾಣಂತನಕ್ಕೆಂದು ಇನ್ನೂ ಅಲ್ಲೇ ಉಳಿದಿದ್ದ ಮಗಳು ಅಡುಗೆಮನೆಯಿಂದ ಹೊರಗೆ ಬಂದಳು. ಅಮ್ಮನ ಮೇಲೆ ಕೋಪವಲ್ಲ, ಹೆದರಿಕೆ. ಇವತ್ತು ನಾಯಿ, ನಾಳೆ ಮಗುವಿಗೆ ಏನಾದರೂ ತಿನ್ನಿಸಿದರೆ ಏನು ಗತಿ ಅಂತ ಅತ್ತಳು. ಮೊಲ, ಹಕ್ಕಿ, ಬೆಕ್ಕು ಎಲ್ಲವನ್ನೂ ಯಾರಿಗಾದರೂ ಕೊಟ್ಟುಬಿಡೋಣ, ಅಮ್ಮನನ್ನು ಹಿತ್ತಲಿಗೆ ಬಿಡುವುದೇ ಬೇಡ ಅಂದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಮಾತಿನ ನಡುವೆ ಖಾಲಾರ ಮುಖ ನಿಧಾನಕ್ಕೆ ಬದಲಾಯಿತು. ಬಹಳ ದೂರದಿಂದ ನಡೆದುಬಂದು ಮನೆ ಸೇರಿದವರ ಹಾಗೆ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ನನ್ನ ಹತ್ತಿರ ಬಂದು ಕೈ ಹಿಡಿದುಕೊಂಡರು.

"ನನ್ನ ಕೈಯಿಂದ್ಲೇ ಆಯ್ತಾ?"

ಸಾಹೇಬರು ಹೇಳಿದರು.

"ಹೂಂ, ನಿನ್ ಕೈಯಿಂದ್ಲೇ. ಇನ್ಮೇಲೆ ಆಗಲ್ಲ ಬಿಡು."

ಹೇಗೆ ಆಗುವುದಿಲ್ಲ ಅಂತ ಮಗಳು ಕೇಳಿದಳು. ಮಾರನೆಯ ಬೆಳಗ್ಗೆ ಸಾಹೇಬರು ಅಂಗಡಿ ತೆಗೆಯದೆ, ಅಡುಗೆಮನೆಯಲ್ಲಿದ್ದ ಈರುಳ್ಳಿಯ ಬುಟ್ಟಿ, ಬೆಳ್ಳುಳ್ಳಿ, ಮಸಾಲೆಯ ಡಬ್ಬಗಳನ್ನೆಲ್ಲ ಎತ್ತಿಕೊಂಡು ಹೋಗಿ ಅಕ್ಕಪಕ್ಕದ ಮನೆಗಳಿಗೆ ಹಂಚಿಬಂದರು. ಹಿತ್ತಲಿನಲ್ಲಿ ಕಾಯಿ ಬಿಟ್ಟಿದ್ದ ಟೊಮ್ಯಾಟೊ ಗಿಡಗಳನ್ನು ಕಿತ್ತರು, ಅದರ ಎಲೆ ಮೊಲಕ್ಕೆ ವಿಷ ಅಂತ ಖಾಲಾನೇ ಹಿಂದೆ ಹೇಳಿದ್ದರಂತೆ. ಆಲೂಗೆಡ್ಡೆ ಅಟ್ಟ ಸೇರಿತು. ಮೊಲಕ್ಕಾಗದ ಕೋಸು, ನಾಯಿಗಾಗದ ದ್ರಾಕ್ಷಿ ಮನೆಗೆ ಬರುವುದು ನಿಂತಿತು. ಬಿಸ್ಕತ್ತು, ಚಾಕಲೇಟಿನ ಕಪಾಟಿಗೆ ಬೀಗ ಬಿತ್ತು. ಮೊಮ್ಮಗು ಇದ್ದಷ್ಟು ದಿನ ಯಾರಾದರೊಬ್ಬರು ಅದರ ಜೊತೆಯಲ್ಲೇ ಇರಬೇಕೆಂದು ಮಗಳೊಂದಿಗೆ ಮಾತಾಡಿಕೊಂಡರು. ನಾನು ಕೆಳಗಿಳಿದು ಬಂದಾಗ ಕೈಗೆಲ್ಲ ಮಣ್ಣು ಮಾಡಿಕೊಂಡು ನಿಂತಿದ್ದರು.

"ನೋಡಮ್ಮ, ಅವಳ ಕೈನ ನಾನು ಹಿಡ್ಕೊಂಡು ಕೂರಕ್ಕಾಗಲ್ಲ. ಆ ಕೈಗೆ ಏನು ಸಿಕ್ಕಿದ್ರೂ ಯಾರ್ಗೂ ತೊಂದ್ರೆ ಆಗ್ಬಾರ್ದು. ಅಷ್ಟು ಮಾಡ್ಬೋದು."

ನಾನೂ ಮೇಲಕ್ಕೆ ಹೋಗಿ ನನ್ನ ಬುಟ್ಟಿಯನ್ನು ಖಾಲಿ ಮಾಡಿದೆ. ಖಾಲಾ ಆಗಾಗ ನನ್ನ ಅಡುಗೆಮನೆಗೂ ಬರುವವರೇ ಅಲ್ಲವೆ.

ಕೆಂಚ ಉಳಿಯಿತು. ಡ್ರಿಪ್ಪು, ಇಂಜೆಕ್ಷನ್ನು ಅಂತ ಎಷ್ಟೋ ಸಲ ಆಸ್ಪತ್ರೆಗೆ ಓಡಾಡಿದ ಮೇಲೆ ಒಂದು ಬೆಳಗ್ಗೆ ತಾನಾಗಿ ಮೆಟ್ಟಿಲಿಳಿದು ಹೋಗಿ ಹಿತ್ತಲಿನಲ್ಲಿ ತನ್ನ ಜಾಗದಲ್ಲಿ ಮುಂಗಾಲು ಚಾಚಿ ಕೂತಿತು. ಖಾಲಾ ಅದಕ್ಕೆ ಕುಂಬಳಕಾಯಿ ಅನ್ನ ಕೊಟ್ಟರು. ಏನಾಗಿತ್ತು ಅನ್ನುವುದು ಅಷ್ಟರಲ್ಲಿ ಅವರಿಗೆ ಮರೆತುಹೋಗಿತ್ತು. ಮರೆವು ಮಾಡಿದ ಉಪಕಾರ ಅದೊಂದೇ.

ಈರುಳ್ಳಿಯಿಲ್ಲದೆ ಹಬ್ಬ ಮಾಡುವುದು ಅಂದರೇನು ಅಂತ ಆ ಮನೆಯವರಿಗೇ ಗೊತ್ತು. ಸಾಹೇಬರು ಆ ವಯಸ್ಸಿನಲ್ಲಿ ಅಡುಗೆ ಕಲಿತರು. ಮೊದಲ ರಂಜಾನ್ ಹಬ್ಬದ ಬಿರಿಯಾನಿ ಬಣ್ಣವಿಲ್ಲದೆ ಬಿಳಿ ಬಿಳಿಯಾಗಿತ್ತು. ಬಂದ ನೆಂಟರು ಮುಖ ಮುಖ ನೋಡಿಕೊಂಡು ತಿಂದರು. ಆಮೇಲೆ ಗಟ್ಟಿ ಮೊಸರು, ಹಿಡಿ ಹಿಡಿ ಪುದೀನ, ಅಮೃತೂರಿನಿಂದ ನಾನು ತರುತ್ತಿದ್ದ ಕಾಯಿಯ ಹಾಲು ಹಾಕಿ ಏನೇನೋ ಮಾಡುತ್ತ ಹೋದರು. ಬಕ್ರೀದಿನ ಹೊತ್ತಿಗೆ ಅದಕ್ಕೊಂದು ರುಚಿ ಬಂತು. ಬೇರೆಲ್ಲೂ ಸಿಗದ, ಆ ಮನೆಯದೇ ರುಚಿ. ಮಗಳು ಗುಬ್ಬಿಯಿಂದ ಬರುವಾಗ ತಾನು ಮಾಡಿದ ಪಲ್ಯ ತರುತ್ತಿದ್ದಳು. ತಂದಾಗೆಲ್ಲ ಡಬ್ಬಿ ಬಿಚ್ಚುವ ಮುಂಚೆಯೇ, ಇದಕ್ಕೆ ಈರುಳ್ಳಿ ಹಾಕಿಲ್ಲ ಅಬ್ಬಾ ಅಂತ ಅಪ್ಪನಿಗೆ ಹೇಳುವಳು. ಅವಳ ಒಪ್ಪಿಗೆಯ ಮಾತು ಅದೇ ಆಗಿತ್ತು.

ಹೀಗೆ ಕೆಲವು ವರ್ಷ ಹೋದವು. ಖಾಲಾ ತಮಗೆ ಬೇಕಾದ್ದನ್ನು ತಮಗೆ ಬೇಕಾದವರಿಗೆ ಕೊಡುತ್ತ ಹಿತ್ತಲಿನಲ್ಲಿ ಓಡಾಡಿಕೊಂಡಿದ್ದರು. ಕಡೆಕಡೆಗೆ ಮೊಲದ ಹುಲ್ಲನ್ನು ಬೆಕ್ಕಿನ ಮುಂದಿಡುವರು. ಬೆಕ್ಕು ಮೂಸಿ ನೋಡಿ ಮರ್ಯಾದೆಗೆಂಬಂತೆ ಅಲ್ಲೇ ಕೂತಿರುವುದು. ಸಾಹೇಬರು ಹಿಂದಿನಿಂದ ಬಂದು ಮೀನು ಹಾಕುವರು. ಯಾರಿಗೂ ಏನೂ ಆಗಲಿಲ್ಲ.

ನಾನು ಮದುವೆಯಾಗಿ ಗುಬ್ಬಿಗೆ ಬಂದೆ, ಕೆಂಚನೂ ಬಂತು. ಹೊರಡುವ ದಿನ ಖಾಲಾ ಗೇಟಿನವರೆಗೆ ಬಂದರು. ನಾನು ಯಾರೆಂದು ತಿಳಿದಿತ್ತೋ ಇಲ್ಲವೋ... ಕೈಯಲ್ಲಿದ್ದ ಪುದೀನದ ಕಡ್ಡಿಯನ್ನು ನನಗೆ ಕೊಟ್ಟು ತಲೆ ಸವರಿದರು. ಆಮೇಲೆ ಅಪರೂಪಕ್ಕೆ ಹೋಗಿ ನೋಡಿ ಬರುತ್ತಿದ್ದೆ. ಪ್ರತಿ ಸಲವೂ ಖಾಲಾ ಇನ್ನೊಂದಿಷ್ಟು ದೂರ ಹೋಗಿರುತ್ತಿದ್ದರು. ಮೊಲಗಳು, ಬೆಕ್ಕು ವಯಸ್ಸಾಗಿ ಸತ್ತವು, ಹಕ್ಕಿಗಳ ಗೂಡು ಒಂದೊಂದಾಗಿ ಖಾಲಿಯಾಯಿತು. ಎಲ್ಲರಿಗಿಂತ ಕೊನೆಗೆ, ಒಂದು ಚಳಿಗಾಲದ ಬೆಳಗ್ಗೆ, ಖಾಲಾ ಹೋದರು. ಸುದ್ದಿ ಬಂದಾಗ ನಾನು ಕ್ಲಾಸಿನಲ್ಲಿದ್ದೆ. ಬಸ್ಸು ಹಿಡಿದು ಹೋಗುವ ಹೊತ್ತಿಗೆ ಮಣ್ಣಿಗೆ ಎತ್ತಿಕೊಂಡು ಹೋಗಿದ್ದರು.

ಈಗ ಸಾಹೇಬರು ಇಲ್ಲೇ ಗುಬ್ಬಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಸಂಜೆ ಹೊತ್ತು ಒಮ್ಮೊಮ್ಮೆ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂರುತ್ತಾರೆ. ಆ ಕಡೆಯ ದಿನಗಳ ಬಗ್ಗೆ ಅವರು ಮಾತಾಡಿದ್ದು ಒಂದೇ ಸಲ. ಖಾಲಾಗೆ ಕೊನೆಯಲ್ಲಿ ಗಂಡನ ಗುರುತೂ ಹೋಗಿತ್ತಂತೆ. ಯಾರೋ ಪರಸ್ಥಳದವರು ಮನೆಯಲ್ಲಿ ಉಳಿದುಕೊಂಡಿದ್ದಾರೆ ಅಂದುಕೊಂಡು ಅವರ ಮುಂದೆ ಸೆರಗು ಸರಿಮಾಡಿಕೊಳ್ಳುತ್ತಿದ್ದರಂತೆ. ಒಂದು ಮಧ್ಯಾಹ್ನ ಸಾಹೇಬರು ತಟ್ಟೆ ಹಾಕಿಕೊಂಡು ಊಟಕ್ಕೆ ಕೂತಾಗ ಖಾಲಾ ಬಂದು ಆ ತಟ್ಟೆಯನ್ನು ತಮ್ಮ ಹತ್ತಿರ ಎಳೆದುಕೊಂಡರಂತೆ. ಅನ್ನವನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ ಹುಡುಕಿದರಂತೆ, ಪಲ್ಯದ ಒಂದೊಂದು ಹೋಳನ್ನೂ ಹೊರಳಿಸಿ ನೋಡಿದರಂತೆ. ಆಮೇಲೆ ತಟ್ಟೆಯನ್ನು ವಾಪಸ್ಸು ತಳ್ಳಿ ಹೇಳಿದ ಮಾತನ್ನು ಸಾಹೇಬರು ಉರ್ದುವಿನಲ್ಲಿ ಒಮ್ಮೆ ಅಂದುಕೊಂಡು, ನನಗಾಗಿ ಕನ್ನಡದಲ್ಲಿ ಹೇಳಿದರು.

"ತಿನ್ನಿ, ನಿಮ್ಗೇನೂ ಆಗಲ್ಲ ಅಂದ್ಳು. ನಾನ್ಯಾರು ಅಂತ ಗೊತ್ತಿಲ್ಲ ಅವ್ಳಿಗೆ. ನಂಗೇನೂ ಆಗ್ಬಾರ್ದು ಅನ್ನೋದು ಗೊತ್ತಿತ್ತು ಕಣಮ್ಮ."

ಅಷ್ಟು ಹೇಳಿ ಟೀ ಲೋಟ ಕೆಳಗಿಟ್ಟು, ಸಂಜೆಯ ಮಗ್ರಿಬ್ ನಮಾಜಿಗೆ ಹೊತ್ತಾಯಿತೆಂದು ಎದ್ದು ಹೋದರು.

ಮೊನ್ನೆ ಸೊಪ್ಪು ಬಿಡಿಸುತ್ತ ಕೂತಾಗ ಇದೆಲ್ಲ ಒಂದರ ಹಿಂದೊಂದು ಬಂತು. ಕೆಂಚನೂ ಈಗಿಲ್ಲ. ಖಾಲಾರ ಮುಖ ನನಗೆ ಚೆನ್ನಾಗಿ ನೆನಪಿದೆ, ಮೂಗಿನ ಬದಿಯ ಮಚ್ಚೆಯ ಸಮೇತ. ಆಡಿದ ಮಾತುಗಳೂ ನೆನಪಿವೆ. ಆದರೆ ಆ ಮಾತುಗಳನ್ನು ಅವರ ದನಿಯಲ್ಲಿ ಕೇಳಿಸಿಕೊಳ್ಳೋಣ ಅಂತ ಕಣ್ಣು ಮುಚ್ಚಿದರೆ, ಕೇಳಿಸುವುದು ನನ್ನದೇ ದನಿ. ಅವರದು ಹೇಗಿತ್ತು... ತೆಳುವೋ, ಒಡಕೋ, ಬೇಟಿ ಅನ್ನುವಾಗ ಎಳೆಯುತ್ತಿದ್ದರೋ ಇಲ್ಲವೋ... ಎಷ್ಟು ಹೊತ್ತು ಕೂತರೂ ಸಿಗಲಿಲ್ಲ. ಸಾಹೇಬರು ಬಂದಾಗ ಕೇಳೋಣ ಅನ್ನಿಸಿತು. ಅವರಿಗೂ ಮರೆತಿದ್ದರೆ ಅಂತ ಹೆದರಿ, ಇನ್ನೂ ಕೇಳಿಲ್ಲ.